ಕಾಯಿಲೆ ಕರುಳಿಗೆ, ಪರೀಕ್ಷೆ ಉಸಿರಿಗೆ!

ಮಕ್ಕಳೇ, ಕರುಳಿನ ಕಾಯಿಲೆ ಇದ್ದವರಿಗೆ ಕೆಮ್ಮು ಬಂದರೆ ವೈದ್ಯರು ಕೆಲವೊಮ್ಮೆ ಕೊಳವೆ ಕೊಟ್ಟು ‘ಜೋರಾಗಿ ಊದಿ’ ಅನ್ನುತ್ತಾರೆ. ಹೊಟ್ಟೆಗೂ ಉಸಿರಿಗೂ ಏನು ನಂಟು?

ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಹದ ತಪ್ಪಿ ಕರುಳಿನಲ್ಲಿ ಉರಿಯೂತ ಉಂಟಾಗುತ್ತದೆ. ಹೊಟ್ಟೆನೋವು, ಭೇದಿ, ಮಲದಲ್ಲಿ ರಕ್ತ ಇದರ ಲಕ್ಷಣಗಳು. ಕೆಲವರಲ್ಲಿ ಉರಿಯೂತ ಕೀಲು, ಕಣ್ಣು, ಚರ್ಮಕ್ಕೂ, ಅಪರೂಪಕ್ಕೆ ಶ್ವಾಸಕೋಶಕ್ಕೂ ತಟ್ಟುತ್ತದೆ. ತಾಯಿಯ ಗರ್ಭದಲ್ಲಿ ಶ್ವಾಸಕೋಶ ಮೊಳೆಯುವುದು ಜೀರ್ಣನಾಳದ ಮುಂಭಾಗದಿಂದಲೇ. ಈ ಹುಟ್ಟುನಂಟೂ ಒಂದು ಕಾರಣವಿರಬಹುದು ಎನ್ನುತ್ತಾರೆ ವಿಜ್ಞಾನಿಗಳು.

ಪರೀಕ್ಷೆಗಳಲ್ಲಿ ಎರಡು ಮುಖ್ಯ. ಸ್ಪೈರೋಮೀಟರಿನಲ್ಲಿ ಎದೆ ತುಂಬ ಉಸಿರೆಳೆದು, ಒಂದೇ ದಮ್ಮಿಗೆ ಪೂರ್ತಿ ಊದಬೇಕು. ಹೊರಬಂದ ಒಟ್ಟು ಗಾಳಿಯಲ್ಲಿ ಮೊದಲ 1 ಸೆಕೆಂಡಿನ ಪಾಲು ತೀರಾ ಕಡಿಮೆಯಿದ್ದರೆ ಗಾಳಿಯ ದಾರಿ ಕಿರಿದಾಗಿದೆ ಎಂದರ್ಥ.

ಇನ್ನೊಂದರಲ್ಲಿ ಚೂರೇ ಚೂರು ಕಾರ್ಬನ್ ಮಾನಾಕ್ಸೈಡ್ ಬೆರೆತ ಗಾಳಿ ಎಳೆದು, ಸುಮಾರು 10 ಸೆಕೆಂಡು ಉಸಿರು ಹಿಡಿದು ಬಿಡಬೇಕು. ವಿಷಾನಿಲ ಅಂತ ಹೆದರಬೇಡಿ, ಅಷ್ಟರಿಂದ ಅಪಾಯವಿಲ್ಲ. ಗಾಳಿಗೂಡುಗಳಿಂದ ರಕ್ತಕ್ಕೆ ಎಷ್ಟು ಅನಿಲ ದಾಟಿತು ಎಂದು ಇದರಿಂದ ತಿಳಿಯುತ್ತದೆ. ಆದರೆ ಈ ಅನಿಲವನ್ನು ಹಿಡಿದುಕೊಳ್ಳುವುದು ಹಿಮೋಗ್ಲೋಬಿನ್. ರಕ್ತ ಹೋಗಿ ಅದು ಇಳಿದಿದ್ದರೆ, ಶ್ವಾಸಕೋಶ ಚೆನ್ನಾಗಿದ್ದರೂ ಅಂಕಿ ಇಳಿಯುತ್ತದೆ! ಅದಕ್ಕೇ ರಕ್ತಪರೀಕ್ಷೆಯನ್ನೂ ನೋಡಿ ಲೆಕ್ಕ ಹಾಕುತ್ತಾರೆ.

ಕೆಮ್ಮೇ ಇಲ್ಲದ ಕೆಲವು ರೋಗಿಗಳಲ್ಲೂ ಈ ಅಂಕಿಗಳು ಇಳಿದಿರುವುದುಂಟು. ಈ ಕಾಯಿಲೆಯ ಕೆಲವು ಔಷಧಿಗಳೂ ಅಪರೂಪಕ್ಕೆ ಶ್ವಾಸಕೋಶವನ್ನು ಕೆಣಕುತ್ತವೆ. ಹಾಗಂತ ಮಾತ್ರೆಯನ್ನು ತಾವೇ ನಿಲ್ಲಿಸಬಾರದು. ಬಿಡದ ಕೆಮ್ಮು, ಏದುಸಿರು ಇದ್ದರೆ ‘ಇದು ಹೊಟ್ಟೆಯ ಡಾಕ್ಟರಿಗೆ ಯಾಕೆ’ ಅನ್ನದೆ ಹೇಳಿಬಿಡಬೇಕು.