ಗ್ರಹಣ ಮತ್ತು ನಮ್ಮ ಮಕ್ಕಳ ಕಣ್ಣು



1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಹಾದುಹೋಯಿತು. ವಿಜ್ಞಾನಿಗಳು ದೂರದರ್ಶಕಗಳೊಡನೆ ಆ ಊರುಗಳತ್ತ ಧಾವಿಸಿದ್ದರೆ, ಬಾಲಕನಾಗಿದ್ದ ನನ್ನನ್ನು ಹಿರಿಯರು ಕಿಟಕಿ ಮುಚ್ಚಿ ಒಳಗೆ ಕೂರಿಸಿದ್ದರು. 2019ರ ಡಿಸೆಂಬರ್ 26ರ ಕಂಕಣ ಗ್ರಹಣವು ಇಲ್ಲಿನ ಲಿವಾ ಮರಳುಗಾಡನ್ನು ದಾಟಿ ಮಂಗಳೂರು, ಕೊಡಗುಗಳನ್ನು ಮುಟ್ಟಿತು.

2027ರ ಆಗಸ್ಟ್ 2ರಂದು ಈಜಿಪ್ಟಿನ ಲಕ್ಸರ್ ಬಳಿ ಆರು ನಿಮಿಷಕ್ಕೂ ಮೀರಿದ ಪೂರ್ಣ ಗ್ರಹಣ. ಅಲ್ ಮೀನಾದಲ್ಲಿ ಅದು ಪಾರ್ಶ್ವ ಗ್ರಹಣ ಮಾತ್ರ. ಆದುದರಿಂದ ಸೂರ್ಯನನ್ನು ಬರಿಗಣ್ಣಿನಿಂದ ನೋಡಬಹುದಾದ ಕ್ಷಣ ಇಲ್ಲಿ ಒಂದೂ ಇರದು.

ಕಣ್ಣಿನ ಮಸೂರವು ಬಿಸಿಲನ್ನು ಅಕ್ಷಿಪಟಲದ ಮೇಲೆ ಕೇಂದ್ರೀಕರಿಸುತ್ತದೆ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ದೃಷ್ಟಿ ಮಸುಕಾಗುವುದು ಕೆಲವು ಗಂಟೆಗಳ ಬಳಿಕ. ಅದಕ್ಕೆ ಖಚಿತವಾದ ಚಿಕಿತ್ಸೆಯೂ ಇಲ್ಲ. ಮಕ್ಕಳ ಮಸೂರ ಹೆಚ್ಚು ತಿಳಿಯಾದುದರಿಂದ ಅವರಿಗೆ ಅಪಾಯವೂ ಹೆಚ್ಚು. ತಂಪು ಕನ್ನಡಕ, ಎಕ್ಸ್‌ರೇ ಫಿಲ್ಮು, ತಟ್ಟೆಯ ನೀರು ಯಾವುದೂ ರಕ್ಷಣೆಯಲ್ಲ. ಐಎಸ್ಒ 12312-2 ಮಾನಕಕ್ಕೆ ಒಪ್ಪುವ, ಗೀರಿಲ್ಲದ ಗ್ರಹಣ ಕನ್ನಡಕ ಬೇಕು.

ಅದು ದೊರೆಯದಿದ್ದರೆ ಸೂರ್ಯನಿಗೆ ಬೆನ್ನು ಮಾಡಿ, ಅಡುಗೆಮನೆಯ ತೂತಿನ ಸೌಟನ್ನು ಬಿಸಿಲಿಗೆ ಹಿಡಿಯಿರಿ. ನೆಲದ ನೆರಳಿನಲ್ಲಿ ಪುಟ್ಟ ಪುಟ್ಟ ಅರೆಸೂರ್ಯರು ಮೂಡುವರು. ನನಗೆ ತಪ್ಪಿದ ಆ ನೋಟ ನಮ್ಮ ಮಕ್ಕಳಿಗೆ ತಪ್ಪದಿರಲಿ.