ಗಂಡಸ್ತನಕ್ಕೆ ಯಾವ ವಾಸನೆ? ಡಿಯೋಡರೆಂಟ್ ಬಾಟಲಿಯೊಳಗಿನ ರಾಜಕೀಯ

ಇನ್‌ಸ್ಟಾಗ್ರಾಮ್‌ನಲ್ಲಿ ಹತ್ತು ನಿಮಿಷ ಕಳೆದರೆ ಸಾಕು, ಎರಡು ಬಗೆಯ ರೀಲ್‌ಗಳು ಎದುರಾಗುತ್ತವೆ. ಮೊದಲನೆಯದರಲ್ಲಿ ನೀಟಾಗಿ ದಾಡಿ ಟ್ರಿಮ್ ಮಾಡಿಸಿಕೊಂಡ ಯುವಕನೊಬ್ಬ, ಗಂಡಸು ಅನ್ನಿಸಿಕೊಳ್ಳಬೇಕಾದರೆ ಕಪಾಟಿನಲ್ಲಿ ಇರಲೇಬೇಕಾದ ಐದು ಪರ್ಫ್ಯೂಮ್‌ಗಳ ಪಟ್ಟಿ ಕೊಡುತ್ತಾನೆ. ಎರಡನೆಯದರಲ್ಲಿ ಜಿಮ್‌ನಲ್ಲಿ ನಿಂತ ಇನ್ನೊಬ್ಬ, ಪರ್ಫ್ಯೂಮ್ ಹಚ್ಚಿದ್ರೆ ಟೆಸ್ಟೋಸ್ಟೆರಾನ್ ಇಳಿದು ಗಂಡಸ್ತನವೇ ಹೋಗುತ್ತೆ ಅಂತ ಹೆದರಿಸುತ್ತಾನೆ. ಕೊನೆಗೆ ಇಬ್ಬರೂ ಒಂದೊಂದು ಲಿಂಕ್ ಕೊಡುತ್ತಾರೆ. ಒಬ್ಬನದು ಪರ್ಫ್ಯೂಮ್ ಕೊಳ್ಳುವ ಲಿಂಕ್, ಇನ್ನೊಬ್ಬನದು ‘ಟಾಕ್ಸಿನ್ ಇಲ್ಲದ’ ಸೋಪಿನದೋ, ಪೌಡರ್ ಡಬ್ಬಿಯದೋ.

ನೋಡೋಕೆ ಇಬ್ಬರೂ ವಿರುದ್ಧ ದಿಕ್ಕಿನಲ್ಲಿದ್ದಾರೆ. ಆದರೆ ಇಬ್ಬರ ಕೈಲಿರುವ ಸರಕು ಒಂದೇ: ನೀನು ಗಂಡಸು ಹೌದೋ ಅಲ್ಲವೋ ಎಂಬ ಭಯ. ಈ ಗದ್ದಲದಲ್ಲಿ ನಾವು ಕೇಳಲೇಬೇಕಾದ ಪ್ರಶ್ನೆ ಕಳೆದುಹೋಗಿದೆ. ಆ ಬಾಟಲಿಯಲ್ಲಿ ಏನಿದೆ? ಅದನ್ನು ತಿಳಿಯುವ ಹಕ್ಕು ನಮಗಿದೆಯಾ?

ಬೆವರು ನಾರುವುದಿಲ್ಲ

ಮೊದಲು ದೇಹದ ವಿಷಯ. ನಮ್ಮ ಚರ್ಮದಲ್ಲಿ ಮುಖ್ಯವಾಗಿ ಎರಡು ಬಗೆಯ ಬೆವರು ಗ್ರಂಥಿಗಳಿವೆ. ಮೈತುಂಬ ಇರುವ ಎಕ್ರೈನ್ ಗ್ರಂಥಿಗಳು ನೀರು ಮತ್ತು ಉಪ್ಪನ್ನು ಹೊರಹಾಕಿ ಮೈ ತಣ್ಣಗಿಡುತ್ತವೆ. ಕಂಕುಳು ಮತ್ತು ತೊಡೆಸಂದಿನಲ್ಲಿರುವ ಅಪೊಕ್ರೈನ್ ಗ್ರಂಥಿಗಳು ಹರೆಯ ಬಂದಮೇಲೆ ಚುರುಕಾಗುತ್ತವೆ. ಇವುಗಳ ಸ್ರಾವ ಸ್ವಲ್ಪ ಮಂದ. ಹೊರಬರುವಾಗ ಎರಡಕ್ಕೂ ಹೆಚ್ಚುಕಡಿಮೆ ವಾಸನೆ ಇರುವುದಿಲ್ಲ. ಚರ್ಮದ ಮೇಲೆ ಬದುಕುವ ಬ್ಯಾಕ್ಟೀರಿಯಾಗಳು ಆ ಸ್ರಾವವನ್ನು ಒಡೆದಾಗ ವಾಸನೆ ಹುಟ್ಟುತ್ತದೆ.

ಇಷ್ಟು ಗೊತ್ತಿದ್ದರೆ ಅಂಗಡಿಯಲ್ಲಿ ಅರ್ಧ ಗೊಂದಲ ಕಡಿಮೆ. ಡಿಯೋಡರೆಂಟ್ ಬೆವರನ್ನು ನಿಲ್ಲಿಸುವುದಿಲ್ಲ. ಅದು ಬ್ಯಾಕ್ಟೀರಿಯಾವನ್ನು ತಗ್ಗಿಸುತ್ತದೆ, ವಾಸನೆಯನ್ನು ಮುಚ್ಚುತ್ತದೆ. ಆ್ಯಂಟಿಪರ್ಸ್ಪಿರಂಟ್‌ನಲ್ಲಿರುವ ಅಲ್ಯೂಮಿನಿಯಂ ಲವಣಗಳು ಬೆವರು ನಾಳಗಳನ್ನು ತಾತ್ಕಾಲಿಕವಾಗಿ ಮುಚ್ಚುತ್ತವೆ. ಪರ್ಫ್ಯೂಮ್ ಇವೆರಡನ್ನೂ ಮಾಡುವುದಿಲ್ಲ, ಅದು ಬರೀ ಪರಿಮಳ. ‘ಫೆರೊಮೋನ್ ಪರ್ಫ್ಯೂಮ್’ ಅಂತ ಹೆಣ್ಣನ್ನು ಸೆಳೆಯುವ ದ್ರವವೊಂದನ್ನು ಮಾರುತ್ತಾರಲ್ಲ, ಅದಕ್ಕೆ ವೈಜ್ಞಾನಿಕ ತಳಹದಿಯೇ ಇಲ್ಲ. ಮನುಷ್ಯರಲ್ಲಿ ಅಂಥ ಒಂದು ಫೆರೊಮೋನ್ ಇದೆ ಎಂದು ಇದುವರೆಗೆ ಸಾಬೀತಾಗಿಲ್ಲ.

ಇನ್ನೊಂದು ಮಾತು. ವಿಪರೀತ ಬೆವರುವುದು, ಮೈವಾಸನೆ ಇದ್ದಕ್ಕಿದ್ದಂತೆ ಬದಲಾಗುವುದು ಥೈರಾಯ್ಡ್, ಮಧುಮೇಹದಂಥ ಕಾಯಿಲೆಗಳ ಸೂಚನೆಯೂ ಆಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ. ಆದರೆ ‘ಇಷ್ಟಕ್ಕೆಲ್ಲ ಡಾಕ್ಟರ್ ಹತ್ರ ಹೋಗ್ತಾರಾ’ ಅಂತ ಬೆಳೆದ ಹುಡುಗ ಆಸ್ಪತ್ರೆಗೆ ಹೋಗಲ್ಲ, ಮತ್ತೊಂದು ಸ್ಪ್ರೇ ತರುತ್ತಾನೆ.

ನಾಚಿಕೆಯನ್ನು ಹುಟ್ಟುಹಾಕಿದ ವ್ಯಾಪಾರ

ಮೈವಾಸನೆಯ ಬಗೆಗಿನ ಈ ಭಯಕ್ಕೆ ಇತಿಹಾಸವಿದೆ. ಅಮೆರಿಕದ ಸಿನ್ಸಿನಾಟಿಯ ಸರ್ಜನ್ ಒಬ್ಬರು ಆಪರೇಷನ್ ಮಾಡುವಾಗ ಕೈ ಬೆವರದಿರಲಿ ಎಂದು ಒಂದು ದ್ರವ ಮಾಡಿಕೊಂಡಿದ್ದರು. ಅವರ ಮಗಳು ಎಡ್ನಾ ಮರ್ಫಿ 1910ರ ದಶಕದಲ್ಲಿ ಅದನ್ನೇ ಕಂಕುಳಿಗೆ ಹಚ್ಚುವ ‘ಓಡೊರೋನೋ’ ಎಂದು ಮಾರಲು ಹೊರಟರು. ಶುರುವಿನಲ್ಲಿ ವ್ಯಾಪಾರ ಅಷ್ಟಕ್ಕಷ್ಟೇ. 1919ರಲ್ಲಿ ಜೇಮ್ಸ್ ಯಂಗ್ ಎಂಬ ಜಾಹೀರಾತು ಬರಹಗಾರ ಹೊಸ ದಾರಿ ಹಿಡಿದ. ನಿಮ್ಮ ಮೈ ನಾರುತ್ತಿರಬಹುದು, ಬೆನ್ನ ಹಿಂದೆ ಜನ ಮಾತಾಡಿಕೊಳ್ಳುತ್ತಿರಬಹುದು, ಆದರೆ ನಿಮ್ಮ ಮುಖಕ್ಕೆ ಯಾರೂ ಹೇಳಲ್ಲ ಎಂದು ಹೆಂಗಸರಿಗೆ ಸೂಚಿಸುವ ಜಾಹೀರಾತು ಅದು. ಅಸಹ್ಯಪಟ್ಟು ಸುಮಾರು 200 ಓದುಗರು ಆ ಪತ್ರಿಕೆಯ ಚಂದಾ ನಿಲ್ಲಿಸಿದರು. ಆದರೆ ಓಡೊರೋನೋ ಮಾರಾಟ ಒಂದೇ ವರ್ಷದಲ್ಲಿ ದುಪ್ಪಟ್ಟು ದಾಟಿತು.

ಆ ಕಾಲಕ್ಕೆ ಬೆವರಿನ ವಾಸನೆ ಗಂಡಸ್ತನದ ಗುರುತು. ಗಂಡಸರು ಇಂಥದ್ದನ್ನು ಕೊಳ್ಳುತ್ತಿರಲಿಲ್ಲ. ಹಾಗಾದ್ರೆ ಅರ್ಧ ಮಾರುಕಟ್ಟೆ ಬಿಟ್ಟಂತಾಯ್ತಲ್ಲ? 1935ರಲ್ಲಿ ‘ಟಾಪ್-ಫ್ಲೈಟ್’ ಎಂಬ ಗಂಡಸರ ಡಿಯೋಡರೆಂಟ್ ಕಪ್ಪು ಬಾಟಲಿಯಲ್ಲಿ ಬಂತು. ಅದು ಆರ್ಥಿಕ ಮಹಾಕುಸಿತದ ಕಾಲ, ಎಲ್ಲೆಡೆ ನಿರುದ್ಯೋಗ. ಆದ್ದರಿಂದ ಗಂಡಸರಿಗೆ ಬೇರೆಯದೇ ಭಯ ಹಾಕಿದರು: ಆಫೀಸಿನಲ್ಲಿ ಮೈ ನಾರಿದರೆ ಕೆಲಸ ಹೋಗುತ್ತೆ. 1940ರ ದಶಕದಲ್ಲಿ ‘ಸೀ-ಫೋರ್ತ್’ ಎಂಬ ಬ್ರ್ಯಾಂಡ್ ವಿಸ್ಕಿ ಜಗ್ಗಿನಂಥ ಪಿಂಗಾಣಿ ಪಾತ್ರೆಯಲ್ಲೇ ಬಂತು. ಹೆಂಡದ ಜಗ್ಗಿನಲ್ಲಿಟ್ಟರೆ ಗಂಡಸು ಮುಜುಗರವಿಲ್ಲದೆ ಮುಟ್ಟುತ್ತಾನೆ ಎಂಬ ಲೆಕ್ಕ. ಇವತ್ತು ಗಂಡಸರ ಬ್ರ್ಯಾಂಡ್ ಅಂದಕೂಡಲೇ ನೆನಪಾಗುವ ಓಲ್ಡ್ ಸ್ಪೈಸ್ ಮೊದಲು ಬಂದದ್ದು 1937ರಲ್ಲಿ, ಹೆಂಗಸರಿಗಾಗಿ. ಗಂಡಸರದ್ದು ಬಂದದ್ದು ಮರುವರ್ಷ.

ಅಂದರೆ ‘ಗಂಡಸರ ವಾಸನೆ’ ಎಂಬುದು ಮೂಗಿಗಿಂತ ಹೆಚ್ಚಾಗಿ ಬಾಟಲಿಯ ಬಣ್ಣ, ಆಕಾರ, ಜಾಹೀರಾತಿನ ಮಾತಿನಿಂದ ಹುಟ್ಟಿದ್ದು.

ಗಂಧಕ್ಕೆ ಲಿಂಗ ಅಂಟಿದ್ದು ಯಾವಾಗ?

ನಮ್ಮ ಕಡೆಗೇ ನೋಡಿ. 11ನೇ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಕೃಷಿ, ಅಡುಗೆ, ಪಶುವೈದ್ಯದ ಜೊತೆ ಸುಗಂಧ ತಯಾರಿಕೆಯ ವಿಷಯವೂ ಇದೆ. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದ ‘ಮಾನಸೋಲ್ಲಾಸ’ದಲ್ಲಿ ಸ್ನಾನ, ಲೇಪನ, ಧೂಪಗಳು ರಾಜನ ಭೋಗಗಳ ಪಟ್ಟಿಯಲ್ಲಿ ಬರುತ್ತವೆ. ಯುದ್ಧಕ್ಕೆ ಹೋಗುವ ರಾಜ ಮೈಗೆ ಗಂಧ ಪೂಸಿಕೊಂಡರೆ ಅವನ ಗಂಡಸ್ತನಕ್ಕೆ ಕುಂದು ಅಂತ ಯಾರಿಗೂ ಅನ್ನಿಸಲಿಲ್ಲ.

ಅಷ್ಟು ಹಿಂದಕ್ಕೆ ಹೋಗುವುದೂ ಬೇಡ. ಶುಕ್ರವಾರದ ನಮಾಜಿಗೆ ಅತ್ತರ್ ಹಚ್ಚಿ ಹೊರಡುವ ಶಿವಾಜಿನಗರದ ಹಿರಿಯರಿಗೆ ಗುಲಾಬಿ, ಮಲ್ಲಿಗೆಯ ಅತ್ತರ್ ಹೆಂಗಸರದ್ದು ಅನ್ನಿಸುವುದಿಲ್ಲ. ಮದುವೆಮನೆಯ ಬಾಗಿಲಲ್ಲಿ ಗಂಧ, ಪನ್ನೀರು ಹಿಡಿದು ನಿಂತವರು ಗಂಡು ಹೆಣ್ಣು ನೋಡಿ ಬೇರೆ ಬೇರೆ ಕೊಡುವುದಿಲ್ಲ. ಮೈಸೂರಿನಲ್ಲಿ 1916ರಲ್ಲಿ ಶುರುವಾದ ಶ್ರೀಗಂಧದ ಎಣ್ಣೆ ಕಾರ್ಖಾನೆಯ ಬೆನ್ನಿಗೇ ಬಂದ ಮೈಸೂರ್ ಸ್ಯಾಂಡಲ್ ಸೋಪನ್ನು ಮನೆಮಂದಿಯೆಲ್ಲ ಒಂದೇ ಬಚ್ಚಲಲ್ಲಿ ಬಳಸಿದ್ದಾರೆ.

ಹಾಗಂತ ಹಿಂದೆಲ್ಲ ಚೆನ್ನಾಗಿತ್ತು ಅಂದುಕೊಳ್ಳಬೇಕಿಲ್ಲ. ಗಂಧ ರಾಜನ ಭೋಗವಾಗಿದ್ದಾಗ ಅದನ್ನು ತೇಯ್ದವರ ಮೈಗೆ ಅದು ಸೇರಿದ್ದಲ್ಲ. ಅಂದು ಅದು ಯಾರು ಮೇಲು ಅನ್ನುವುದನ್ನು ತೋರಿಸುತ್ತಿತ್ತು. ಗಂಡು ಯಾರು ಅನ್ನುವುದನ್ನೂ ಅದರಿಂದಲೇ ತೋರಿಸಬೇಕು ಎಂಬುದು ಆಧುನಿಕ ಮಾರುಕಟ್ಟೆ ಸೇರಿಸಿದ ಪಾಠ.

ಆ್ಯಕ್ಸ್‌ನಿಂದ ‘ಶಾಟ್’ವರೆಗೆ

ಈ ಪಾಠದ ಭಾರತೀಯ ಅಧ್ಯಾಯ ಜೋರಾಗಿ ಶುರುವಾದದ್ದು 1999ರಲ್ಲಿ, ಯೂನಿಲಿವರ್ ಇಲ್ಲಿಗೆ ಆ್ಯಕ್ಸ್ ತಂದಾಗ. ಅದರ ಕಥೆ ಎಲ್ಲರಿಗೂ ಗೊತ್ತು. ಸಾಧಾರಣ ಹುಡುಗ ಸ್ಪ್ರೇ ಮಾಡಿಕೊಳ್ತಾನೆ, ಹೆಣ್ಣುಮಕ್ಕಳು ಪ್ರಜ್ಞೆ ತಪ್ಪಿದವರಂತೆ ಅವನ ಹಿಂದೆ ಓಡ್ತಾರೆ. ಅಲ್ಲಿ ಹೆಣ್ಣಿಗೆ ಇಷ್ಟ, ಇಷ್ಟವಿಲ್ಲ ಎಂಬ ಆಯ್ಕೆಯೇ ಇಲ್ಲ. ವಾಸನೆ ಮೂಗಿಗೆ ಬಿತ್ತು ಅಂದಮೇಲೆ ಅವಳ ಒಪ್ಪಿಗೆಯೂ ಸಿಕ್ಕಿತು ಅಂತಲೇ ಲೆಕ್ಕ. ಇತರ ಬ್ರ್ಯಾಂಡ್‌ಗಳೂ ಇದನ್ನೇ ಹಿಡಿದವು. 2011ರ ಮೇ ತಿಂಗಳಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯವು ಹಲವು ಡಿಯೋಡರೆಂಟ್ ಜಾಹೀರಾತುಗಳ ಮೇಲೆ ಕ್ರಮ ಕೈಗೊಳ್ಳುವಂತೆ ಜಾಹೀರಾತು ಮಾನದಂಡ ಮಂಡಳಿಗೆ, ಅಂದರೆ ಎಎಸ್‌ಸಿಐಗೆ ಹೇಳಬೇಕಾಯಿತು. ಆದರೆ ಸರ್ಕಾರದ ತಕರಾರು ಇದ್ದದ್ದು ‘ಅಶ್ಲೀಲತೆ’ಯ ಬಗ್ಗೆ. ಒಪ್ಪಿಗೆಯ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತಲಿಲ್ಲ.

ಆ ಪ್ರಶ್ನೆ ಕಣ್ಣಿಗೆ ರಾಚಿದ್ದು 2022ರ ಜೂನ್‌ನಲ್ಲಿ, ‘ಲೇಯರ್ ಶಾಟ್’ ಎಂಬ ಬಾಡಿ ಸ್ಪ್ರೇಯ ಜಾಹೀರಾತುಗಳು ಬಂದಾಗ. ಒಂದರಲ್ಲಿ ಅಂಗಡಿಯಲ್ಲಿ ಒಬ್ಬಳೇ ಹುಡುಗಿ, ಅವಳ ಹಿಂದೆ ನಾಲ್ವರು ಗಂಡಸರು. ಮೊದಲು ಯಾರು ಎಂದು ಅವರು ಮಾತಾಡಿಕೊಳ್ಳುತ್ತಾರೆ. ಹುಡುಗಿ ಹೆದರಿ ತಿರುಗುತ್ತಾಳೆ. ಅವರು ಮಾತಾಡುತ್ತಿದ್ದದ್ದು ಉಳಿದಿದ್ದ ಒಂದೇ ಬಾಟಲಿಯ ಬಗ್ಗೆ ಅಂತ ಆಮೇಲೆ ಗೊತ್ತಾಗುತ್ತದೆ. ಸಾಮೂಹಿಕ ಅತ್ಯಾಚಾರದ ಭಯವನ್ನೇ ಜೋಕ್ ಮಾಡಿ ಸ್ಪ್ರೇ ಮಾರಿದ್ದರು. ಜಾಲತಾಣಗಳಲ್ಲಿ ಜನ ಸಿಡಿದೆದ್ದರು. ದೆಹಲಿ ಮಹಿಳಾ ಆಯೋಗ ಕ್ರಮಕ್ಕೆ ಒತ್ತಾಯಿಸಿತು, ಎಎಸ್‌ಸಿಐ ಜಾಹೀರಾತನ್ನು ಅಮಾನತು ಮಾಡಿತು, ಸಚಿವಾಲಯ ಟ್ವಿಟರ್ ಮತ್ತು ಯೂಟ್ಯೂಬ್‌ಗೆ ತೆಗೆದುಹಾಕಲು ಸೂಚಿಸಿತು. ಕಂಪನಿ ಕ್ಷಮೆ ಕೇಳಿತು.

ಇದನ್ನು ಒಂದು ಕಂಪನಿಯ ಎಡವಟ್ಟು ಅಂತ ಬಿಟ್ಟುಬಿಡುವುದು ಸುಲಭ. ಆದರೆ ಅವಳ ಒಪ್ಪಿಗೆ ಲೆಕ್ಕಕ್ಕಿಲ್ಲ ಅಂತ ಎರಡು ದಶಕ ನಗಿಸುತ್ತಾ ಹೇಳಿದ ಮೇಲೆ, ಅವಳ ಭಯವೂ ನಗುವ ವಸ್ತುವಾಗಲು ಬಾಕಿ ಇದ್ದದ್ದು ಒಂದೇ ಹೆಜ್ಜೆ.

ಹೊಸ ಭಯ: ಹಾರ್ಮೋನು

ಈಗ ಗಾಳಿ ತಿರುಗಿದೆ. ಪರಿಮಳವೇ ಗಂಡಸ್ತನಕ್ಕೆ ಶತ್ರು ಎನ್ನುವವರು ಬಂದಿದ್ದಾರೆ. ಇವರ ಮಾತಿನಲ್ಲಿ ಸತ್ಯದ ಎಳೆ ಒಂದಿದೆ, ಅದನ್ನು ಬಿಡಿಸಿ ನೋಡಬೇಕು.

ಪರಿಮಳ ಬೇಗ ಆವಿಯಾಗದಂತೆ ತಡೆಯಲು, ಕರಗಿಸಲು ಥ್ಯಾಲೇಟ್ ಎಂಬ ಗುಂಪಿನ ಕೆಲವು ರಾಸಾಯನಿಕ ಬಳಸುತ್ತಾರೆ. ಈ ಗುಂಪಿನ ಡಿಬಿಪಿ, ಡಿಇಎಚ್‌ಪಿ ಪ್ರಾಣಿಗಳಲ್ಲಿ ಗಂಡು ಹಾರ್ಮೋನಿನ ಕೆಲಸಕ್ಕೆ ಅಡ್ಡಿ ಮಾಡುವುದು ಕಂಡುಬಂದಿದೆ. ಯುರೋಪಿಯನ್ ಒಕ್ಕೂಟ ಇವೆರಡನ್ನೂ ಸೌಂದರ್ಯವರ್ಧಕಗಳಲ್ಲಿ ನಿಷೇಧಿಸಿದೆ. ಪರ್ಫ್ಯೂಮ್‌ಗಳಲ್ಲಿ ಹೆಚ್ಚು ಬಳಕೆಯಾಗುವುದು ಡೈಈಥೈಲ್ ಥ್ಯಾಲೇಟ್. ಅದರ ಮೇಲಿನ ಪುರಾವೆ ಇಷ್ಟು ಗಟ್ಟಿಯಿಲ್ಲ. ಅಮೆರಿಕದ ಬಾಸ್ಟನ್‌ನಲ್ಲಿ ಫರ್ಟಿಲಿಟಿ ಕ್ಲಿನಿಕ್‌ಗೆ ಬಂದ ಗಂಡಸರ ಮೇಲೆ ನಡೆದ ಅಧ್ಯಯನಗಳಲ್ಲಿ, ಕಲೋನ್ ಹಚ್ಚಿದವರ ಮೂತ್ರದಲ್ಲಿ ಈ ರಾಸಾಯನಿಕದ ಅಂಶ ಹೆಚ್ಚಿತ್ತು. ಆ ಅಂಶಕ್ಕೂ ವೀರ್ಯಾಣುವಿನ ಡಿಎನ್‌ಎ ಹಾನಿಗೂ ನಂಟು ಕಂಡಿತ್ತು. ನಂಟು ಅಂದರೆ ಕಾರಣ ಅಂತಲ್ಲ, ಎಚ್ಚರಿಕೆಯ ಸೂಚನೆ ಅಷ್ಟೆ. ಇನ್ನು ಆ್ಯಂಟಿಪರ್ಸ್ಪಿರಂಟ್‌ನಿಂದ ಸ್ತನ ಕ್ಯಾನ್ಸರ್ ಬರುತ್ತೆ ಎಂಬ ವಾಟ್ಸ್ಆ್ಯಪ್ ಮಾತಿಗೆ ಗಟ್ಟಿ ಪುರಾವೆ ಸಿಕ್ಕಿಲ್ಲ.

ನಿಜವಾಗಿ ಕ್ರಮ ಕೈಗೊಂಡ ಉದಾಹರಣೆಗಳೂ ಇವೆ. ಸೋಪು, ಶಾಂಪೂಗಳಲ್ಲಿ ಹೂವಿನ ಪರಿಮಳಕ್ಕಾಗಿ ಬಳಸುತ್ತಿದ್ದ ಲಿಲಿಯಾಲ್ ಎಂಬ ರಾಸಾಯನಿಕ ಸಂತಾನಶಕ್ತಿಗೆ ಹಾನಿ ಮಾಡಬಹುದೆಂದು ಯುರೋಪ್ 2022ರ ಮಾರ್ಚ್‌ನಲ್ಲಿ ನಿಷೇಧಿಸಿತು. 2021ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಓಲ್ಡ್ ಸ್ಪೈಸ್ ಮತ್ತು ಸೀಕ್ರೆಟ್ ಬ್ರ್ಯಾಂಡ್‌ಗಳ ಕೆಲವು ಸ್ಪ್ರೇಗಳಲ್ಲಿ ಬೆಂಜೀನ್ ಸಿಕ್ಕಿತೆಂದು ಕಂಪನಿ ಮುನ್ನೆಚ್ಚರಿಕೆಯಾಗಿ ಅವನ್ನು ವಾಪಸ್ ಪಡೆಯಿತು. ಬೆಂಜೀನ್ ಕ್ಯಾನ್ಸರ್‌ಕಾರಕ. ಇದೆಲ್ಲ ಹೊರಬಂದದ್ದು ಪರೀಕ್ಷೆ, ಕಾನೂನು ಮತ್ತು ಒತ್ತಡದಿಂದ. ಯಾವ ‘ಆಲ್ಫಾ’ ರೀಲ್‌ನಿಂದಲೂ ಅಲ್ಲ.

ಈ ಆರೋಗ್ಯದ ಪ್ರಶ್ನೆ ಬರೀ ಗಂಡಸಿನದ್ದೂ ಅಲ್ಲ. ಇವೇ ರಾಸಾಯನಿಕಗಳು ಗರ್ಭಿಣಿಯ, ಮಗುವಿನ, ದಿನವಿಡೀ ಇವುಗಳ ನಡುವೆಯೇ ಇರುವ ಸಲೂನ್ ಮತ್ತು ಕಾರ್ಖಾನೆ ಕೆಲಸಗಾರರ ಮೈಗೂ ಸೇರುತ್ತವೆ. ಅದನ್ನು ‘ಗಂಡಸ್ತನದ ಮೇಲಿನ ದಾಳಿ’ ಮಾಡಿದರೆ ಉಳಿದವರೆಲ್ಲ ಲೆಕ್ಕದಿಂದ ಹೊರಗೆ.

ಒಂದೇ ಪದದ ಹಿಂದೆ ಅಡಗಿದ್ದು

ನಿಮ್ಮ ಸ್ಪ್ರೇ ಬಾಟಲಿಯ ಹಿಂಬದಿ ಓದಿ. ಆಲ್ಕೋಹಾಲ್, ಬ್ಯೂಟೇನ್, ಪ್ರೊಪೇನ್, ಆಮೇಲೆ ‘ಪರ್ಫ್ಯೂಮ್’ ಅಥವಾ ‘ಫ್ರೇಗ್ರನ್ಸ್’ ಎಂಬ ಒಂದೇ ಪದ. ಆ ಪದದ ಹಿಂದೆ ಹತ್ತಾರು ರಾಸಾಯನಿಕಗಳು ಇರಬಹುದು. ಅವು ವ್ಯಾಪಾರದ ಗುಟ್ಟು ಎಂಬುದು ಉದ್ಯಮದ ವಾದ. ಯುರೋಪಿನಲ್ಲಿ ಅಲರ್ಜಿ ತರುವ 26 ಪರಿಮಳ ವಸ್ತುಗಳ ಹೆಸರನ್ನು ಲೇಬಲ್ ಮೇಲೆ ಹಾಕುವುದು ಮೊದಲೇ ಕಡ್ಡಾಯವಿತ್ತು. 2023ರ ನಿಯಮ ಆ ಪಟ್ಟಿಯನ್ನು 80ಕ್ಕೂ ಮೇಲೆ ಏರಿಸಿತು. ಅಮೆರಿಕವೂ 2022ರ ಕಾನೂನಿನಲ್ಲಿ ಇಂಥ ನಿಯಮ ತರುವಂತೆ ತನ್ನ ಔಷಧ ಆಡಳಿತಕ್ಕೆ ಹೇಳಿದೆ. ನಮ್ಮಲ್ಲಿ 2020ರ ಸೌಂದರ್ಯವರ್ಧಕ ನಿಯಮಗಳಿವೆ. ಆದರೂ ಇಲ್ಲಿನ ಹೆಚ್ಚಿನ ಬಾಟಲಿಗಳಲ್ಲಿ ಆ ಒಂದು ಪದ ಹಾಗೇ ಕೂತಿದೆ.

ಅಂದಹಾಗೆ, ಬ್ಯೂಟೇನ್ ಮತ್ತು ಪ್ರೊಪೇನ್ ನಮ್ಮ ಅಡುಗೆ ಸಿಲಿಂಡರ್‌ನಲ್ಲಿರುವ ಅನಿಲಗಳೇ. ಮುಚ್ಚಿದ ಬಾತ್‌ರೂಮಿನಲ್ಲಿ ಅತಿಯಾಗಿ ಸ್ಪ್ರೇ ಮಾಡಿಕೊಂಡು ಬ್ರಿಟನ್‌ನಲ್ಲಿ ಹದಿಹರೆಯದ ಹುಡುಗರು ಸತ್ತಿದ್ದಾರೆ. ಕಿಟಕಿ ತೆಗೆದಿಡಿ, ಗ್ಯಾಸ್ ಒಲೆಯ ಹತ್ತಿರ ಬಳಸಬೇಡಿ.

ಯಾರ ಬೆವರು?

ಭಾಷಣಗಳಲ್ಲಿ ರೈತನ ಬೆವರು, ಕಾರ್ಮಿಕನ ಬೆವರು ಪವಿತ್ರ. ಅದೇ ಬೆವರು ಅಪಾರ್ಟ್‌ಮೆಂಟ್ ಲಿಫ್ಟ್‌ಗೆ ಬಂದರೆ ಮೂಗು ಮುಚ್ಚಿಕೊಳ್ಳುತ್ತೇವೆ. ಡೆಲಿವರಿಯವರು, ಮನೆಗೆಲಸದವರು ಸರ್ವಿಸ್ ಲಿಫ್ಟ್ ಬಳಸಬೇಕು ಅಂತ ಬೋರ್ಡ್ ಹಾಕುವ ನಗರ ನಮ್ಮದು. ‘ಅವರ ಮನೆ ವಾಸನೆ’, ‘ಅವರ ಊಟದ ವಾಸನೆ’ ಎಂಬ ಮಾತುಗಳಿಂದಲೇ ಇಲ್ಲಿ ಜಾತಿ ತನ್ನ ಗೆರೆ ಎಳೆದುಕೊಂಡು ಬಂದಿದೆ. ಬಿಸಿಲಲ್ಲಿ ಹತ್ತು ಗಂಟೆ ಬೈಕ್ ಓಡಿಸುವ ಹುಡುಗ ನೂರಿನ್ನೂರು ರೂಪಾಯಿ ಕೊಟ್ಟು ಸ್ಪ್ರೇ ಕೊಳ್ಳುವುದು ಹುಡುಗಿಯರು ಹಿಂದೆ ಬರಲಿ ಅಂತಲ್ಲ, ಬಾಗಿಲು ತೆರೆದವರು ಮುಖ ಕಿವುಚದಿರಲಿ ಅಂತ. ಅವನಿಗೆ ಬೇಕಿರುವುದು ನೆರಳು, ಕುಡಿಯುವ ನೀರು, ಮುಖ ತೊಳೆಯಲು ಒಂದು ಜಾಗ. ಅದನ್ನು ಕೊಡಬೇಕಾದವರು ಯಾರು ಎಂದು ಕೇಳದೆ ನಾವು ಅವನ ಕೈಗೂ ಒಂದು ಬಾಟಲಿ ಕೊಟ್ಟಿದ್ದೇವೆ.

ಪರ್ಫ್ಯೂಮ್ ಇಷ್ಟವಿದ್ದರೆ ಹಚ್ಚಿ. ಗುಲಾಬಿ ಇಷ್ಟವಾದರೆ ಗುಲಾಬಿ, ಗಂಧವಾದರೆ ಗಂಧ. ಚರ್ಮ ಕೆರೆದರೆ, ಉಸಿರು ಕಟ್ಟಿದರೆ ನಿಲ್ಲಿಸಿ. ಅದರಿಂದ ಗಂಡಸ್ತನ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಕೇಳಬೇಕಾದ್ದು ಎರಡೇ: ಬಾಟಲಿಯೊಳಗೆ ಇರುವುದೆಲ್ಲ ಲೇಬಲ್ ಮೇಲೆ ಬರಲಿ, ಬೆವರು ಸುರಿಸಿ ದುಡಿಯುವವರಿಗೆ ಮೈ ತೊಳೆಯುವ ವ್ಯವಸ್ಥೆ ಸಿಗಲಿ. ಮೊದಲನೆಯದನ್ನು ಸರ್ಕಾರದಿಂದ, ಎರಡನೆಯದನ್ನು ಮಾಲೀಕರಿಂದ ಕೇಳಬೇಕು. ರೀಲ್ ಮಾಡುವವರಿಂದ ಎರಡೂ ಸಿಗಲ್ಲ.