ಜಾತ್ರೆ ದೀಪಗಳ ಪವರ್ ಸಪ್ಲೈ ಕೆಟ್ಟಾಗ

ಅಲಂಕಾರದ ಎಲ್‌ಇಡಿ ದೀಪಗಳ ಪವರ್ ಸಪ್ಲೈ ಎಂದರೆ ಕಂಬದಿಂದ ಬರುವ 230 ವೋಲ್ಟಿನ ಎ.ಸಿ. ವಿದ್ಯುತ್ತನ್ನು ದೀಪಗಳು ತಾಳಿಕೊಳ್ಳುವಂಥ 5 ಅಥವಾ 12 ವೋಲ್ಟಿನ ಡಿ.ಸಿ.ಗೆ ಇಳಿಸುವ ಪೆಟ್ಟಿಗೆ. ಅಂಗಡಿಯವರ ಬಾಯಲ್ಲಿ ಇದು ಎಸ್‌ಎಂಪಿಎಸ್. ಜವಳಗಿರಿ, ಡೆಂಕಣಿಕೋಟೆ, ಹೊಸೂರು ಸೀಮೆಯಲ್ಲಿ ರಥೋತ್ಸವವಿರಲಿ, ಗಣೇಶನ ಹಬ್ಬವಿರಲಿ, ರಸ್ತೆಯ ಬದಿಗೆ ನಿಲ್ಲಿಸುವ ಪಿಕ್ಸೆಲ್ ಬೋರ್ಡುಗಳ ಬೆನ್ನಿಗೆ ಇಂಥ ಪೆಟ್ಟಿಗೆಗಳನ್ನು ಕಟ್ಟಿರುತ್ತಾರೆ. ಬೋರ್ಡು ಕತ್ತಲಾದ ಕೂಡಲೇ ಎಲ್ಲರ ಕಣ್ಣು ದೀಪಗಳ ಮೇಲೆ ಬೀಳುತ್ತದೆ. ಆದರೆ ಎಲ್ಲ ದೀಪಗಳೂ ಒಮ್ಮೆಗೇ ಆರಿದ್ದರೆ ಮೊದಲು ನೋಡಬೇಕಾದದ್ದು ಪೆಟ್ಟಿಗೆಯನ್ನೇ.

ಹಳೆಯ ಸೀರಿಯಲ್ ಸೆಟ್ಟಿಗೆ ಇದರ ಹಂಗಿರಲಿಲ್ಲ. 6 ವೋಲ್ಟಿನ 40 ಪುಟ್ಟ ಬಲ್ಬುಗಳನ್ನು ಒಂದೇ ಸಾಲಿನಲ್ಲಿ ಪೋಣಿಸಿದರೆ ಒಟ್ಟು 240 ವೋಲ್ಟು. ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕಿತ್ತು. ಪಿಕ್ಸೆಲ್ ದೀಪದ ಕಥೆ ಬೇರೆ. ಒಂದೊಂದರಲ್ಲೂ ಕೆಂಪು, ಹಸಿರು, ನೀಲಿ ಎಲ್‌ಇಡಿಗಳೂ ಅವನ್ನು ಆಡಿಸುವ ಚಿಪ್ಪೂ ಇವೆ. ಕೆಂಪಿಗೆ ಸುಮಾರು 2 ವೋಲ್ಟು, ಹಸಿರು ಮತ್ತು ನೀಲಿಗೆ ಸುಮಾರು 3 ವೋಲ್ಟು ಬೇಕು. 5 ವೋಲ್ಟಿನ ಇಂಥ ಸಾಲಿಗೆ 12 ವೋಲ್ಟು ಕೊಟ್ಟರೆ ಚಿಪ್ಪುಗಳು ಕ್ಷಣದಲ್ಲಿ ಸುಡುತ್ತವೆ.

ಪೆಟ್ಟಿಗೆಯೊಳಗೆ ಎ.ಸಿ. ಮೊದಲು ಡಯೋಡುಗಳ ಸೇತುವೆ ದಾಟಿ ಡಿ.ಸಿ. ಆಗುತ್ತದೆ. 230 ಎಂಬುದು ಅಲೆಯ ಪರಿಣಾಮಕಾರಿ (ಆರ್.ಎಂ.ಎಸ್.) ಬೆಲೆ. ಅಲೆಯ ತುದಿ 325 ವೋಲ್ಟು ಮುಟ್ಟುವುದರಿಂದ ಮುಂದಿನ ದೊಡ್ಡ ಕೆಪಾಸಿಟರಿನಲ್ಲಿ ಅಷ್ಟು ವೋಲ್ಟೇಜ್ ತುಂಬಿಕೊಳ್ಳುತ್ತದೆ. ಟ್ರಾನ್ಸಿಸ್ಟರು ಅದನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ, ಫೆರೈಟ್ ತಿರುಳಿನ ಚಿಕ್ಕ ಟ್ರಾನ್ಸ್‌ಫಾರ್ಮರಿಗೆ ಉಣಿಸುತ್ತದೆ. ಆವರ್ತನ ಇಷ್ಟು ಹೆಚ್ಚಿರುವುದರಿಂದಲೇ 300 ವಾಟಿನ ಪೆಟ್ಟಿಗೆ ಒಂದೇ ಕೈಯಲ್ಲಿ ಎತ್ತುವಷ್ಟು ಹಗುರ. 50 ಹರ್ಟ್ಸಿನ ಹಳೆಯ ಟ್ರಾನ್ಸ್‌ಫಾರ್ಮರಾಗಿದ್ದರೆ ಅದು ಕೆ.ಜಿ.ಗಟ್ಟಲೆ ತೂಗುತ್ತಿತ್ತು. ಕೊನೆಯಲ್ಲಿ ಇನ್ನೊಂದು ಡಯೋಡು, ಇನ್ನಷ್ಟು ಕೆಪಾಸಿಟರುಗಳು ಸೇರಿ 5 ವೋಲ್ಟನ್ನು ನಯಗೊಳಿಸುತ್ತವೆ.

ಇವುಗಳಲ್ಲಿ ಸಾಮಾನ್ಯವಾಗಿ ಮೊದಲು ಸಾಯುವುದು ಕೆಪಾಸಿಟರು. ಅದರೊಳಗಿನ ದ್ರವ ಬಿಸಿಗೆ ನಿಧಾನವಾಗಿ ಆರಿಹೋಗುತ್ತದೆ. 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 2000 ಗಂಟೆ ಬಾಳುವ ಕೆಪಾಸಿಟರು, ಶಾಖ ಪ್ರತಿ 10 ಡಿಗ್ರಿ ಇಳಿದಂತೆ ದುಪ್ಪಟ್ಟು ಬಾಳುತ್ತದೆ: 85 ಡಿಗ್ರಿಯಲ್ಲಿ 8000 ಗಂಟೆ, 65ರಲ್ಲಿ 32,000 ಗಂಟೆ. ಮಳೆಗೆ ನೆನೆಯದಿರಲೆಂದು ಪೆಟ್ಟಿಗೆಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತುವ ರೂಢಿ ಹೀಗಾಗಿ ಅದರ ಆಯುಸ್ಸನ್ನೇ ಕತ್ತರಿಸುತ್ತದೆ. ಮೇಲೆ ತಗಡಿನ ಮರೆ ಕಟ್ಟಿ ಬದಿಗಳನ್ನು ಗಾಳಿಗೆ ಬಿಡುವುದು ಎಷ್ಟೋ ಮೇಲು. ಸಿಡಿಲು, ಜನರೇಟರಿನ ಏರಿಳಿತ ಇವೂ ಕಾರಣಗಳೇ. ಎಲ್ಲಕ್ಕಿಂತ ಘೋರವಾದದ್ದು ನ್ಯೂಟ್ರಲ್ ತಂತಿ ಕಡಿಯುವುದು. ಮೂರು ಫೇಸಿನ ಲೈನಿನಲ್ಲಿ ನ್ಯೂಟ್ರಲ್ ತಪ್ಪಿದರೆ 230 ಇರಬೇಕಾದ ಕಡೆ 400ರ ಹತ್ತಿರಕ್ಕೂ ಏರಬಹುದು. ಆಗ ಒಂದೇ ರಾತ್ರಿಯಲ್ಲಿ ಬೀದಿಯ ಪೆಟ್ಟಿಗೆಗಳೆಲ್ಲ ಸಾಲಾಗಿ ಹೋಗುತ್ತವೆ.

ಪರೀಕ್ಷೆಗೆ ಒಂದು ಮಲ್ಟಿಮೀಟರ್ ಸಾಕು. ದೀಪಗಳ ತಂತಿ ಬಿಚ್ಚಿ, ಪೆಟ್ಟಿಗೆಗೆ ಕರೆಂಟು ಕೊಟ್ಟು, ಔಟ್‌ಪುಟ್ ಅಳೆಯಬೇಕು. ಏನೂ ತೋರದಿದ್ದರೆ ಪೆಟ್ಟಿಗೆ ಸತ್ತಿದೆ, ಇಲ್ಲವೇ ಒಳಗಿನ ಫ್ಯೂಸ್ ಹೋಗಿದೆ. 5 ವೋಲ್ಟು ಸರಿಯಾಗಿದ್ದು, ದೀಪ ಜೋಡಿಸಿದಾಗ ಮಾತ್ರ ಕುಸಿದರೆ ಕೆಪಾಸಿಟರುಗಳು ಸೊರಗಿರಬಹುದು. ಜೋಡಿಸಿದಾಗ ಟಿಕ್ ಟಿಕ್ ಎನ್ನುತ್ತ ಬಂದು ಹೋಗುತ್ತಿದ್ದರೆ ದೀಪದ ಸಾಲಿನಲ್ಲಿ ಶಾರ್ಟ್ ಇರಬಹುದು. ಹೊಸ ಪೆಟ್ಟಿಗೆ ತಂದರೂ ಅದೇ ಪಾಡು. ಕೆಟ್ಟ ಪೆಟ್ಟಿಗೆಯ ಮುಚ್ಚಳ ತೆಗೆಯದಿರುವುದೇ ಕ್ಷೇಮ. ಪ್ಲಗ್ಗು ಕಿತ್ತ ಮೇಲೂ 325 ವೋಲ್ಟಿನ ಕೆಪಾಸಿಟರಿನಲ್ಲಿ ಪ್ರಾಣಾಪಾಯದ ಶಾಕ್ ಉಳಿದಿರಬಹುದು.

ಹೊಸದನ್ನು ಕೊಳ್ಳುವಾಗ ಹಳೆಯದರ ಲೇಬಲ್ಲನ್ನೇ ಓದಬೇಕು. ಉದಾಹರಣೆಗೆ, “5 ವೋಲ್ಟ್, 60 ಆಂಪಿಯರ್” ಎಂದಿದೆ ಎನ್ನೋಣ. ವೋಲ್ಟು ತಾಳೆಯಾಗಲೇಬೇಕು. ಆಂಪಿಯರ್ ಅಷ್ಟೇ ಇರಲಿ, ಹೆಚ್ಚಿದ್ದರೂ ತೊಂದರೆಯಿಲ್ಲ. ದೀಪಗಳು ತಮಗೆ ಬೇಕಾದಷ್ಟನ್ನೇ ಎಳೆದುಕೊಳ್ಳುತ್ತವೆ. ಸಾಮಾನ್ಯ ಪಿಕ್ಸೆಲ್ಲೊಂದು ಪೂರ್ತಿ ಬಿಳಿಯಾಗಿ ಉರಿದಾಗ ಗರಿಷ್ಠ 60 ಮಿಲಿ ಆಂಪಿಯರ್ ಎಳೆಯುತ್ತದೆ. 50 ದೀಪಗಳ ಒಂದು ಸರಕ್ಕೆ 3 ಆಂಪಿಯರ್, 20 ಸರಕ್ಕೆ 60. ಐದನೇ ಒಂದು ಭಾಗವನ್ನು ಮೀಸಲಿಟ್ಟು, ಇಂಥ ಪೆಟ್ಟಿಗೆಗೆ 16 ಸರಗಳನ್ನಷ್ಟೇ ಕಟ್ಟಿದರೆ ಅದು ತಣ್ಣಗೆ ದುಡಿಯುತ್ತದೆ. ಹೊಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಬಹುದು. ಮಳೆಗಾಲದ ಬೋರ್ಡಿಗೆ ಮಳೆತಡೆ ಇರುವ ಮಾದರಿಯೇ ಆಗಬೇಕು.

ಕೆಲವು ಪೆಟ್ಟಿಗೆಗಳ ಬದಿಯ ರಂಧ್ರದೊಳಗೆ 110 ಮತ್ತು 220 ಎಂದು ಬರೆದ ಪುಟ್ಟ ಸ್ವಿಚ್ಚಿರುತ್ತದೆ. ಅದು 110ರಲ್ಲಿದ್ದಾಗ ನಮ್ಮ ಕರೆಂಟು ಕೊಟ್ಟರೆ ಹೊಸ ಪೆಟ್ಟಿಗೆ ಢಮಾರೆನ್ನುತ್ತದೆ. ಫೇಸ್, ನ್ಯೂಟ್ರಲ್, ಅರ್ಥ್ ಮೂರನ್ನೂ ಕಟ್ಟಬೇಕು. ಅರ್ಥ್ ಬಿಟ್ಟರೂ ದೀಪ ಉರಿಯುತ್ತದೆ, ಅದಕ್ಕೇ ಬಹಳ ಮಂದಿ ಬಿಡುತ್ತಾರೆ. ಆದರೆ ಆಗ ಪೆಟ್ಟಿಗೆಯ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ. ಒಳಗಿನ ಫಿಲ್ಟರ್ ಕೆಪಾಸಿಟರುಗಳು ಒಂದಿಷ್ಟು ವಿದ್ಯುತ್ತನ್ನು ಮೈಗೆ ಸೋರಿಸುವುದೇ ಇದಕ್ಕೆ ಕಾರಣ. ಒಳಗೆ ಫೇಸ್ ತಂತಿಯೇ ಮೈಗೆ ತಾಗಿದ ದಿನ, ಒದ್ದೆ ನೆಲದಲ್ಲಿ ಕಬ್ಬಿಣದ ಚೌಕಟ್ಟನ್ನು ಹಿಡಿದವರ ಜೀವ ಉಳಿಸುವುದು ಅರ್ಥ್ ತಂತಿ ಮತ್ತು ಸೋರಿಕೆ ಕಂಡೊಡನೆ ಕರೆಂಟು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ.

ದೀಪ ಜೋಡಿಸುವ ಮುನ್ನ ಔಟ್‌ಪುಟ್ಟನ್ನು ಒಮ್ಮೆ ಅಳೆದು, ಪ್ಲಸ್ ಮೈನಸ್ ನೋಡಿಕೊಂಡು ಕಟ್ಟಬೇಕು. ಆಮೇಲೆ ಇಡೀ ಬೋರ್ಡನ್ನು ಬಿಳಿಯಾಗಿ ಉರಿಸಿ ತುದಿಯ ದೀಪಗಳನ್ನು ಗಮನಿಸಬೇಕು. ಅಲ್ಲಿ ಬಿಳಿ ಕೆಂಪಾಗಿ ತಿರುಗಿದ್ದರೆ ಪೆಟ್ಟಿಗೆಯದು ತಪ್ಪಲ್ಲ. ತೆಳು ತಂತಿಯಲ್ಲಿ ವೋಲ್ಟೇಜ್ ಸವೆದು, ನೀಲಿ ಹಸಿರುಗಳಿಗೆ ಸಾಲದೆ ಕೆಂಪು ಮಾತ್ರ ಪೂರ್ತಿ ಉರಿಯುತ್ತಿದೆ. ಪೆಟ್ಟಿಗೆಯಿಂದ ದಪ್ಪ ತಂತಿಯೊಂದನ್ನು ಎಳೆದು ಆ ತುದಿಗೂ 5 ವೋಲ್ಟು ಕೊಟ್ಟರೆ ಬಿಳಿ ಮರಳುತ್ತದೆ. ಅದಕ್ಕೆಂದು ಎರಡನೇ ಪೆಟ್ಟಿಗೆ ಬಳಸಿದರೆ ಎರಡರ ಮೈನಸ್ಸುಗಳನ್ನು ಸೇರಿಸಬೇಕು. ಪ್ಲಸ್ಸುಗಳನ್ನು ಮಾತ್ರ ಬೇರೆಬೇರೆಯಾಗಿಯೇ ಇಡಬೇಕು.